ಶೇಕ್ಸ್‌ಪಿಯರ್ ಕರ್ತೃತ್ವ ವಿವಾದ: ವಾದಕ್ಕಿಂತ ಮೊದಲು ಬಂದ ಹಣೆಪಟ್ಟಿಗಳು

ಶೇಕ್ಸ್‌ಪಿಯರ್ ನಾಟಕಗಳನ್ನು ಇಂಗ್ಲೆಂಡಿನ ಸ್ಟ್ರಾಟ್‌ಫರ್ಡ್ ಊರಿನ ಕೈಗವಸು ತಯಾರಕನ ಮಗ ವಿಲಿಯಂ ಶೇಕ್ಸ್‌ಪಿಯರನೇ ಬರೆದನೇ ಎಂಬ ಅನುಮಾನ ಹಳೆಯದು. ಅದಕ್ಕೆ ಗಟ್ಟಿ ದನಿ ಕೊಟ್ಟವರು ಅಮೆರಿಕದ ಲೇಖಕಿ ಡೀಲಿಯಾ ಬೇಕನ್. 1856ರಲ್ಲಿ ಲೇಖನ, ಮರುವರ್ಷ ಪುಸ್ತಕ. ತತ್ವಜ್ಞಾನಿ ಫ್ರಾನ್ಸಿಸ್ ಬೇಕನ್, ನಾವಿಕ ವಾಲ್ಟರ್ ರ್‍ಯಾಲಿ ಮೊದಲಾದವರ ಒಂದು ಗುಂಪು ಈ ನಾಟಕಗಳ ಹಿಂದಿತ್ತು ಎಂಬುದು ಅವರ ವಾದ. ಬಳಿಕ ಅವರ ಮನಸ್ಸು ಕದಡಿತು. 1859ರಲ್ಲಿ ಮಾನಸಿಕ ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರ ಪುಸ್ತಕವನ್ನು ಓದದವರಿಗೂ ಈ ಕಾಯಿಲೆಯ ವಿಷಯ ಗೊತ್ತಿತ್ತು. ಅನುಮಾನಿಸುವವರಿಗೆ 'ಹುಚ್ಚರು' ಎಂಬ ಹಣೆಪಟ್ಟಿ ಅಂಟಿಸಲು ಅಷ್ಟೇ ಸಾಕಾಯಿತು.

ಮುಂದೆ ಬೇರೆ ಬೇರೆಯವರನ್ನು ನಿಜವಾದ ಲೇಖಕರೆಂದು ಹೇಳುವ ಪಂಗಡಗಳು ಹುಟ್ಟಿದವು: ಬೇಕನ್‌ವಾದಿಗಳು, ನಾಟಕಕಾರ ಕ್ರಿಸ್ಟೋಫರ್ ಮಾರ್ಲೋನ ಪರದ ಮಾರ್ಲೋವಾದಿಗಳು, ಆಕ್ಸ್‌ಫರ್ಡ್‌ವಾದಿಗಳು. ಕೊನೆಯ ಪಂಗಡಕ್ಕೆ ಬುನಾದಿ ಹಾಕಿದ್ದು 1920ರಲ್ಲಿ ಜೆ. ಥಾಮಸ್ ಲೂನಿ ಬರೆದ ಪುಸ್ತಕ. ಆಕ್ಸ್‌ಫರ್ಡ್‌ನ ಅರ್ಲ್ ಎಡ್ವರ್ಡ್ ಡಿ ವಿಯರ್ ನಿಜವಾದ ಲೇಖಕ ಎಂದು ಅವರು ವಾದಿಸಿದರು. ಫ್ರಾಯ್ಡ್‌ನಂಥವರೂ ಒಪ್ಪಿದರು. ಡಿ ವಿಯರ್ 1604ರಲ್ಲೇ ಸತ್ತಿದ್ದ, ಆಮೇಲೂ ಹೊಸ ನಾಟಕಗಳು ಬಂದವು ಎಂಬ ಬಲವಾದ ಆಕ್ಷೇಪ ಕೈಯಲ್ಲೇ ಇದ್ದರೂ ಎದುರಾಳಿಗಳು ಇಂಗ್ಲಿಷಿನಲ್ಲಿ 'ಹುಚ್ಚ' ಎಂಬ ಅರ್ಥದ ಪದದಂತೆ ಕೇಳಿಸುವ ಲೂನಿಯ ಹೆಸರನ್ನೇ ಹಿಡಿದು ಗೇಲಿ ಮಾಡಿದರು.

ನನ್ನ ಮಟ್ಟಿಗೆ ಪುರಾವೆ ಸ್ಟ್ರಾಟ್‌ಫರ್ಡ್‌ನವನ ಪರವಾಗಿಯೇ ಇದೆ. 1623ರಲ್ಲಿ ಬಂದ ನಾಟಕಗಳ ಸಂಗ್ರಹ ಫಸ್ಟ್ ಫೋಲಿಯೊದಲ್ಲಿ ಅವನ ಜೊತೆ ರಂಗದ ಮೇಲೆ ದುಡಿದ ಹೆಮಿಂಜ್ ಮತ್ತು ಕಾಂಡೆಲ್ 36 ನಾಟಕಗಳನ್ನು ಅವನ ಹೆಸರಿನಲ್ಲೇ ಒಟ್ಟುಗೂಡಿಸಿದರು. ಸಮಕಾಲೀನ ನಾಟಕಕಾರ ಬೆನ್ ಜಾನ್ಸನ್ ಅವನನ್ನು ಸ್ಟ್ರಾಟ್‌ಫರ್ಡ್ ಪಕ್ಕದ ಏವನ್ ನದಿಯ ಹಂಸ ಎಂದು ಹಾಡಿದ. ಇಷ್ಟು ಆಧಾರ ಇರುವವರಿಗೆ ಬೈಗುಳ ಏಕೆ ಬೇಕು ಎಂಬುದೇ ನನ್ನ ಪ್ರಶ್ನೆ.

ಸರಿಯಾಗಿ ವಾದಿಸಿದವರೂ ಇದ್ದರು. ಜಪಾನಿನ 'ಪರ್ಪಲ್' ಸಂಕೇತಲಿಪಿಯನ್ನು ಭೇದಿಸಿದ ತಂಡದ ಮುಖ್ಯಸ್ಥ ವಿಲಿಯಂ ಫ್ರೀಡ್‌ಮನ್ ಮತ್ತು ಪತ್ನಿ ಎಲಿಜಬೆತ್ ಇಬ್ಬರೂ ಯೌವನದಲ್ಲಿ ನಾಟಕಗಳಲ್ಲಿ ಬೇಕನ್ ಅಡಗಿಸಿಟ್ಟನೆಂದು ಬೇಕನ್‌ವಾದಿಗಳು ನಂಬಿದ ಗುಪ್ತಲಿಪಿಯ ಶೋಧದಲ್ಲಿ ಕೆಲಸ ಮಾಡಿದ್ದವರು. 1957ರಲ್ಲಿ ಅವರು ಬೇಕನ್‌ವಾದಿಗಳ ಗುಪ್ತಸಂದೇಶಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಬಿಡಿಸಿದ ಸಂದೇಶಕ್ಕೆ ಅರ್ಥವಿರಬೇಕು, ಬೇರೆ ಉತ್ತರಕ್ಕೆ ಅವಕಾಶ ಇರಬಾರದು. ಈ ಅಳತೆಗೆ ಒಂದೂ ನಿಲ್ಲಲಿಲ್ಲ. ಯಾರ ತಲೆ ಸರಿಯಿಲ್ಲ ಎಂಬ ಮಾತೇ ಅಲ್ಲಿ ಬೇಕಾಗಲಿಲ್ಲ.

ಆ ಸಂಯಮ ಉಳಿಯಲಿಲ್ಲ. 2005ರಲ್ಲಿ ಶೇಕ್ಸ್‌ಪಿಯರ್ ವಿದ್ವಾಂಸ ಸ್ಟೀಫನ್ ಗ್ರೀನ್‌ಬ್ಲಾಟ್ ಪತ್ರಿಕೆಗೆ ಬರೆದ ಪತ್ರದಲ್ಲಿ, ಈ ವಿವಾದವನ್ನು ತರಗತಿಯಲ್ಲಿ ಕಲಿಸುವುದಾದರೆ ಯಹೂದಿಗಳ ನರಮೇಧ ನಡೆದೇ ಇಲ್ಲ ಎಂಬುದನ್ನೂ ಪಠ್ಯಕ್ಕೆ ಸೇರಿಸಬೇಕೇ ಎಂದು ಕೇಳಿದರು. ಇಂಥ ಹೋಲಿಕೆ ಆ ಸಂತ್ರಸ್ತರಿಗೂ ಅನ್ಯಾಯ. 2013ರಲ್ಲಿ ವಿದ್ವಾಂಸರಾದ ಸ್ಟಾನ್ಲಿ ವೆಲ್ಸ್ ಮತ್ತು ಪಾಲ್ ಎಡ್ಮಂಡ್‌ಸನ್ ಅನುಮಾನಿಸುವವರಿಗೆ ಬಳಸುತ್ತಿದ್ದ 'ಸ್ಟ್ರಾಟ್‌ಫರ್ಡ್ ವಿರೋಧಿ'ಯನ್ನು ಬಿಟ್ಟು 'ಶೇಕ್ಸ್‌ಪಿಯರ್ ವಿರೋಧಿ' ಎಂಬ ಪಟ್ಟ ಕೊಟ್ಟರು. ಮಾರ್ಕ್ ರೈಲೆನ್ಸ್ ಈ ನಾಟಕಗಳಲ್ಲೇ ಹೆಸರು ಮಾಡಿದ ನಟ, ಲಂಡನ್ನಿನಲ್ಲಿ ಮತ್ತೆ ಕಟ್ಟಿದ ಗ್ಲೋಬ್ ರಂಗಮಂದಿರದ ಮೊದಲ ಕಲಾ ನಿರ್ದೇಶಕ. 2007ರಲ್ಲಿ ನಟ ಡೆರೆಕ್ ಜೇಕಬಿ ಜೊತೆ ಕರ್ತೃತ್ವದ ಬಗ್ಗೆ ಸಂದೇಹದ ಘೋಷಣೆಯನ್ನು ಮುಂದಿಟ್ಟವರು. ಅವರು ಶೇಕ್ಸ್‌ಪಿಯರ್ ವಿರೋಧಿಯೇ?

ಇನ್ನೊಂದು ಪಾಳೆಯವೂ ಮುಗ್ಧವಲ್ಲ. ವಿದ್ವಾಂಸರನ್ನು ಸಂಪ್ರದಾಯಸ್ಥರು, ಸ್ಟ್ರಾಟ್‌ಫರ್ಡ್ ಪ್ರವಾಸೋದ್ಯಮದ ಕಾವಲುಗಾರರು ಎಂದು ತಳ್ಳಿಹಾಕುವುದು ಅಲ್ಲಿಯ ಚಾಳಿ.

1987ರಲ್ಲಿ ವಾಷಿಂಗ್ಟನ್‌ನಲ್ಲಿ ನಡೆದ ಅಣಕು ನ್ಯಾಯಾಲಯದಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳು ಸ್ಟ್ರಾಟ್‌ಫರ್ಡ್ ಪರ ತೀರ್ಪು ಕೊಟ್ಟರು. ಅವರಲ್ಲೊಬ್ಬರಾದ ಜಾನ್ ಪಾಲ್ ಸ್ಟೀವನ್ಸ್ ಮುಂದೆ ಆಕ್ಸ್‌ಫರ್ಡ್ ಕಡೆ ವಾಲಿದರು. ಅವರ ತರ್ಕ ತಪ್ಪಿದ್ದರೆ ಎಲ್ಲಿ ತಪ್ಪಿತೆಂದು ತೋರಿಸಬೇಕಾದದ್ದು ವಿದ್ವಾಂಸರ ಕೆಲಸ, ಫ್ರೀಡ್‌ಮನ್ ದಂಪತಿ ಮಾಡಿದ ಹಾಗೆ.