ಚಾರ್ಜರ್ 54.6 ವೋಲ್ಟಿನದು, ಪ್ಯಾಕ್ 53ಕ್ಕೇ ನಿಲ್ಲುತ್ತದೆ: ಕೆಟ್ಟಿರುವುದು ಬಿಎಂಎಸ್ಸಾ?

ಪ್ರಶ್ನೆ: ನನ್ನ ಇ-ಸೈಕಲ್ಲಿನ ಬ್ಯಾಟರಿಯಲ್ಲಿ 13 ಲಿಥಿಯಂ ಅಯಾನ್ ಸೆಲ್‌ಗಳು ಸೀರೀಸ್‌ನಲ್ಲಿವೆ. ಚಾರ್ಜರ್ ಮೇಲೆ 54.6 ವೋಲ್ಟ್ ಎಂದಿದೆ. ಮೊದಲೆಲ್ಲ ಅಷ್ಟೂ ತುಂಬುತ್ತಿತ್ತು. ಈಗ 53 ಆಗುತ್ತಿದ್ದಂತೆ ಹಸಿರು ದೀಪ ಬರುತ್ತದೆ, ಸ್ವಲ್ಪ ಹೊತ್ತಿಗೆ ಕೆಂಪು, ಮತ್ತೆ ಹಸಿರು. ಬಿಎಂಎಸ್ (ಬ್ಯಾಟರಿಯೊಳಗಿನ ಕಾವಲು ಬೋರ್ಡು) ಕೆಟ್ಟಿದೆಯೇ? ಬೈಪಾಸ್ ಮಾಡಿ ನೇರ ಚಾರ್ಜ್ ಮಾಡಬಹುದೇ?

ಉತ್ತರ: ಬೈಪಾಸ್ ಖಂಡಿತ ಬೇಡ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುವಂತೆ, ಇಂಥ ಹೊತ್ತಲ್ಲಿ ಬೈಸಿಕೊಳ್ಳುವುದು ಬಿಎಂಎಸ್. ತಪ್ಪು ಹೆಚ್ಚಾಗಿ ಯಾವುದೋ ಒಂದು ಸೆಲ್ಲಿನದು.

ಚಾರ್ಜರಿಗೆ ಕಾಣುವುದು ಒಟ್ಟು ವೋಲ್ಟೇಜ್ ಮಾತ್ರ. ಸೆಲ್ಲಿಗೆ 4.2ರಂತೆ 13 ಸೇರಿ 54.6, ಅಷ್ಟೇ ಅದರ ಲೆಕ್ಕ. ಒಂದೊಂದು ಸೆಲ್ಲನ್ನೂ ಬೇರೆಬೇರೆಯಾಗಿ ನೋಡುವುದು ಬಿಎಂಎಸ್. ನಿಮ್ಮ ಪ್ಯಾಕಿನಲ್ಲಿ 12 ಸೆಲ್ 4.06ರಲ್ಲಿದ್ದು ಒಂದು ಮಾತ್ರ 4.26ಕ್ಕೆ ಮುಟ್ಟಿದೆ ಅಂದುಕೊಳ್ಳಿ. ಕೂಡಿದರೆ 52.98. ಚಾರ್ಜರಿನ ಕಣ್ಣಿಗೆ ಇನ್ನೂ ಜಾಗವಿದೆ, ಆದರೆ ಓವರ್‌ವೋಲ್ಟೇಜ್ ಮಿತಿ ಸಾಮಾನ್ಯವಾಗಿ 4.25ರ ಆಸುಪಾಸಿನಲ್ಲಿರುವುದರಿಂದ ಬಿಎಂಎಸ್ ಚಾರ್ಜಿಂಗ್ ಮಾಸ್ಫೆಟ್ಟನ್ನು (ಕರೆಂಟಿಗೆ ಸ್ವಿಚ್ಚಿನಂತಿರುವ ಭಾಗ) ಆಫ್ ಮಾಡಿಬಿಡುತ್ತದೆ. ಕರೆಂಟ್ ನಿಂತಿತಲ್ಲ, ಹಸಿರು ದೀಪ. ಆ ಸೆಲ್ ನಿಧಾನಕ್ಕೆ 4.15ರ ಹತ್ತಿರಕ್ಕೆ ಇಳಿದಾಗ ಬಿಎಂಎಸ್ ಮತ್ತೆ ದಾರಿ ಬಿಡುತ್ತದೆ, ಕೆಂಪು ದೀಪ. ನಿಮ್ಮ ದೀಪದಾಟ ಇದೇ.

ಬೈಪಾಸ್ ಮಾಡಿದ್ದರೆ? ಚಾರ್ಜರ್ 54.6 ಮುಟ್ಟುವ ತನಕ ತಳ್ಳುತ್ತಲೇ ಇರುತ್ತದೆ. ಉಳಿದ 12 ಸೆಲ್ 4.17ಕ್ಕೆ ಬಂದ ಹೊತ್ತಿಗೆ ಲೆಕ್ಕ ಸರಿಹೋಗಲು ಆ ಒಂದು ಸೆಲ್ 4.56ಕ್ಕೆ ಏರಬೇಕು! 4.2ರ ಹೊತ್ತಿಗೇ ಸೆಲ್ಲಿನ ಋಣ ತುದಿಯ ಗ್ರಾಫೈಟಿನೊಳಗೆ ಲಿಥಿಯಂ ಕೂರುವ ಜಾಗ ಬಹುತೇಕ ತುಂಬಿರುತ್ತದೆ. ಮೇಲೂ ತುರುಕಿದರೆ ಒಳಗೆ ಹೋಗದೆ ಮೇಲ್ಮೈಯಲ್ಲೇ ಲೋಹವಾಗಿ ಕೂರುತ್ತದೆ. ಆಚೆ ಧನ ತುದಿಯ ಕ್ಯಾಥೋಡು ಅತಿಯಾಗಿ ಲಿಥಿಯಂ ಕಳೆದುಕೊಂಡು ಸಡಿಲವಾಗಿ ಆಮ್ಲಜನಕ ಬಿಡತೊಡಗುತ್ತದೆ, ನಡುವಿನ ಎಲೆಕ್ಟ್ರೋಲೈಟ್ ದ್ರವ ಒಡೆದು ಗ್ಯಾಸಾಗುತ್ತದೆ. ಸೆಲ್ ಒಳಗಿನಿಂದಲೇ ಕಾಯುತ್ತದೆ, ಕಾದಷ್ಟೂ ಆ ಕ್ರಿಯೆಗಳ ವೇಗ ಹೆಚ್ಚುತ್ತದೆ. ಅಲ್ಲಿಂದಾಚೆ ಬೆಂಕಿ.

ಹಾಗಾದರೆ ಮಾಡಬೇಕಾದ್ದೇನು? ಅಳೆಯುವುದು. ಬಿಎಂಎಸ್‌ಗೆ ಹೋಗುವ ಬ್ಯಾಲೆನ್ಸ್ ಕನೆಕ್ಟರಿನಲ್ಲಿ ಸಾಮಾನ್ಯವಾಗಿ 14 ತೆಳು ವೈರುಗಳಿರುತ್ತವೆ. ಅಕ್ಕಪಕ್ಕದ ಎರಡೆರಡು ಪಿನ್ನಿಗೆ ಮಲ್ಟಿಮೀಟರ್ ಹಿಡಿದರೆ ಒಂದೊಂದು ಸೆಲ್ಲಿನ ವೋಲ್ಟೇಜ್ ಸಿಗುತ್ತದೆ. ಪ್ರೋಬು ಜಾರಿ ಎರಡು ಪಿನ್ ಒಟ್ಟಿಗೆ ತಾಗದಂತೆ ತುದಿಯಷ್ಟನ್ನೇ ಬಿಟ್ಟು ಉಳಿದದ್ದಕ್ಕೆ ಟೇಪ್ ಸುತ್ತಿ. ನನ್ನ ಕೆಂಪು ಪ್ರೋಬಿನ ಮೊನೆಯಲ್ಲೊಂದು ಕರಕಲು ಚುಕ್ಕೆಯಿದೆ, ಟೇಪಿನ ಬುದ್ಧಿ ಬಂದದ್ದು ಅದಾದ ಮೇಲೆ.

ಎರಡು ಸಲ ಅಳೆಯಿರಿ: ಚಾರ್ಜ್ ಕಟ್ ಆದಾಗ ಒಮ್ಮೆ, ಸೈಕಲ್ ಓಡಿಸಿ ಬ್ಯಾಟರಿ ಖಾಲಿಯಾಗುತ್ತಾ ಬಂದಾಗ ಇನ್ನೊಮ್ಮೆ. ಹೆಚ್ಚಿನವರು ಮೊದಲನೆಯದಕ್ಕೇ ನಿಲ್ಲಿಸುತ್ತಾರೆ, ಉತ್ತರವಿರುವುದು ಎರಡನೆಯದರಲ್ಲಿ. ಮೇಲೆ (ತುಂಬಿದಾಗ) ಎಲ್ಲರಿಗಿಂತ ಮುಂದಿದ್ದ ಸೆಲ್ ಕೆಳಗೂ (ಖಾಲಿಯಾಗುವಾಗಲೂ) ಮುಂದೆಯೇ ಇದ್ದರೆ ಅದು ಗಟ್ಟಿಯಾಗಿದೆ, ಬರೀ ಹೆಚ್ಚು ತುಂಬಿಕೊಂಡಿದೆ. ಬ್ಯಾಲೆನ್ಸಿಂಗ್‌ನಿಂದ, ಅಂದರೆ ಸೆಲ್ಲುಗಳ ಚಾರ್ಜನ್ನು ಸಮ ಮಾಡುವುದರಿಂದ, ಸರಿಹೋಗುತ್ತದೆ. ಮೇಲೆ ಎಲ್ಲಕ್ಕಿಂತ ಮೊದಲು ತುಂಬಿ, ಕೆಳಗೆ ಎಲ್ಲಕ್ಕಿಂತ ಮೊದಲು ಬರಿದಾಗುತ್ತಿದ್ದರೆ ಅದರ ಸಾಮರ್ಥ್ಯವೇ ಕುಗ್ಗಿದೆ. ಬ್ಯಾಲೆನ್ಸಿಂಗ್ ಚಾರ್ಜನ್ನು ಸರಿದೂಗಿಸೀತು, ಚಿಕ್ಕದಾದ ಪಾತ್ರೆಯನ್ನು ದೊಡ್ಡದು ಮಾಡಲಾರದು.

ಮೊದಲ ಜಾತಿಯದಾದರೆ ತಾಳ್ಮೆ ಬೇಕು. ಸಾಮಾನ್ಯ ಬಿಎಂಎಸ್‌ಗಳಲ್ಲಿರುವುದು ಪ್ಯಾಸಿವ್ ಬ್ಯಾಲೆನ್ಸಿಂಗ್: ಮುಂದಿರುವ ಸೆಲ್ಲಿಗೆ ಒಂದು ರೆಸಿಸ್ಟರ್ ಜೋಡಿಸಿ ಹೆಚ್ಚುವರಿಯನ್ನು ಬಿಸಿಯಾಗಿ ಕಳೆಯುವುದು. 82 ಓಮ್ ಇದ್ದರೆ 4.2 ವೋಲ್ಟಿಗೆ ಸುಮಾರು 50 ಮಿಲಿಆಂಪ್ ಹರಿಯುತ್ತದೆ. ವ್ಯತ್ಯಾಸ 1 ಆಂಪ್-ಅವರ್ ಇದ್ದರೆ 20 ಗಂಟೆ. ಅದೂ ಅನೇಕ ಬೋರ್ಡುಗಳಲ್ಲಿ ಸೆಲ್ 4.18 ದಾಟಿದ ಮೇಲಷ್ಟೇ ಈ ಕೆಲಸ ಶುರು. ಬ್ಯಾಟರಿ ಬಾಳಿಕೆಗೆಂದು ಸದಾ 80 ಪ್ರತಿಶತಕ್ಕೇ ನಿಲ್ಲಿಸುವವರ ಪ್ಯಾಕಿನಲ್ಲಿ ಅದು ಶುರುವಾಗುವುದೇ ಇಲ್ಲ! (ಆ ಸಲಹೆ ತಪ್ಪಲ್ಲ, ಆಗಾಗ ಒಮ್ಮೆ ಪೂರ್ತಿ ತುಂಬಿಸಬೇಕು.) ಹಸಿರು ದೀಪ ಬಂದ ತಕ್ಷಣ ಪ್ಲಗ್ ಕೀಳದೆ, ನೀವು ಎಚ್ಚರವಾಗಿ ಹತ್ತಿರವಿರುವ ಹೊತ್ತಿನಲ್ಲಿ ಕೆಲವು ಗಂಟೆ ಹಾಗೇ ಬಿಡಿ. ನಾಲ್ಕಾರು ದಿನದಲ್ಲಿ ನಿಲ್ಲುವ ಅಂಕಿ 53ರಿಂದ ಮೇಲೇರುತ್ತಿದ್ದರೆ ದಾರಿ ಸರಿಯಿದೆ. ಆಕ್ಟಿವ್ ಬ್ಯಾಲೆನ್ಸರ್ ಹಾಕಿದರೆ ಒಂದು ಸೆಲ್ಲಿನದನ್ನು ಇನ್ನೊಂದಕ್ಕೆ ದಾಟಿಸುತ್ತದೆ, ಬೇಗ ಮುಗಿಯುತ್ತದೆ.

ಎರಡನೆಯ ಜಾತಿಯದಾದರೆ ಪ್ಯಾಕ್ ಬಿಚ್ಚದೆ ಗತಿಯಿಲ್ಲ, ಇದು ಅನುಭವವಿರುವವರ ಕೆಲಸ. ಇಂಥ ಪ್ಯಾಕಿನಲ್ಲಿ ನಾವು ಒಂದು ಸೆಲ್ ಅನ್ನುವುದು ಹಲವು ಸಲ ಪ್ಯಾರಲಲ್ಲಾಗಿ ಸೇರಿಸಿದ ಮೂರ್ನಾಲ್ಕು ಸೆಲ್ಲುಗಳ ಗುಂಪು. ಅವುಗಳಲ್ಲೊಂದರ ನಿಕಲ್ ಪಟ್ಟಿ ಬಿಟ್ಟುಕೊಂಡಿದ್ದರೂ ಇಡೀ ಗುಂಪು ಸೊರಗಿದಂತೆ ಕಾಣುತ್ತದೆ. ಹಾಗಾಗಿ ಹೊಸ ಸೆಲ್ ತರುವ ಮುಂಚೆ ವೆಲ್ಡಿಂಗ್ ನೋಡಿ. ಪಟ್ಟಿಯೇ ಬಿಟ್ಟಿದ್ದರೆ, ಮತ್ತೆ ಜೋಡಿಸುವ ಮೊದಲು ಆ ಸೆಲ್ಲಿನ ವೋಲ್ಟೇಜನ್ನು ಗುಂಪಿನ ವೋಲ್ಟೇಜಿಗೆ ಸಮ ಮಾಡಿಕೊಳ್ಳಿ. ಇಲ್ಲದಿದ್ದರೆ ಪಟ್ಟಿ ತಾಗಿದ ಕ್ಷಣವೇ ಒಂದರಿಂದ ಇನ್ನೊಂದಕ್ಕೆ ಭಾರಿ ಕರೆಂಟ್ ನುಗ್ಗುತ್ತದೆ, ಅದನ್ನು ತಡೆಯಲು ಆ ಜಾಗದಲ್ಲಿ ಬಿಎಂಎಸ್ ಇರುವುದಿಲ್ಲ.