ಚೆಕ್ ಇನ್ನೂ ಪಾಸ್ ಆಗಿಲ್ಲ ಕಣಪ್ಪಾ

ಆಗಸ್ಟ್‌ನಲ್ಲಿ ಹೊಸ ವಿದ್ಯಾರ್ಥಿಗಳು ಬಂದಿಳಿಯುತ್ತಾರೆ. ಅಕ್ಟೋಬರ್ ಬರುವಷ್ಟರಲ್ಲಿ ಅವರಲ್ಲಿ ಒಬ್ಬರಾದರೂ ನನ್ನ ಮೇಜಿನ ಮುಂದೆ ಕೂತು, ಫೋನ್ ತಿರುಗಿಸಿ ತೋರಿಸಿ, "ದುಡ್ಡು ಬಂದಿತ್ತು ಮೇಡಂ, ನಾನೇ ನೋಡಿದ್ದೆ, ಈಗ ಮೈನಸ್ ತೋರಿಸ್ತಿದೆ" ಅನ್ನುತ್ತಾರೆ. ನಾನು ಕನ್ನಡದವಳು ಅಂತ ಗೊತ್ತಾದ ಕೂಡಲೇ ಮೇಡಂ ಹೋಗಿ ಅಕ್ಕ ಆಗುತ್ತೇನೆ. ಅಕ್ಕ ಆದರೂ ಹೋದ ದುಡ್ಡು ವಾಪಸ್ ತರಿಸೋಕೆ ಆಗೋದಿಲ್ಲ.

ನಾನು ಟೆಕ್ಸಸ್‌ನಲ್ಲಿ ದೊಡ್ಡ ಯೂನಿವರ್ಸಿಟಿಯೊಂದರ ಪಕ್ಕದ ಬ್ಯಾಂಕ್ ಶಾಖೆಯಲ್ಲಿ ಕೆಲಸ ಮಾಡುತ್ತೇನೆ. ಖಾತೆ ತೆರೆಯೋದು, ಕ್ರೆಡಿಟ್ ಸ್ಕೋರ್ ಬೆಳೆಸೋದು ಎಲ್ಲ ನೀವು ಯೂಟ್ಯೂಬ್ ನೋಡಿಕೊಂಡೇ ವಿಮಾನ ಹತ್ತಿರುತ್ತೀರಿ. ಅದು ಬಿಡಿ. ನಾನು ಹೇಳಬೇಕಾಗಿರೋದು ಒಂದೇ ವಿಷಯ, ಚೆಕ್.

ಊರಲ್ಲಿ ಚೆಕ್ ಹಾಕಿದರೆ ಅದು ಪಾಸ್ ಆದ ಮೇಲೆ ದುಡ್ಡು ಖಾತೆಗೆ ಬರುತ್ತದೆ. 2025ರ ಅಕ್ಟೋಬರ್‌ನಿಂದಂತೂ ಭಾರತದಲ್ಲಿ ಬಹುಪಾಲು ಚೆಕ್ಕುಗಳು ಅದೇ ದಿನ ಪಾಸ್ ಆಗುತ್ತವೆ. ಬೌನ್ಸ್ ಆದರೆ ದುಡ್ಡು ಬರೋದೇ ಇಲ್ಲ. ಹಾಗಾಗಿ ಖಾತೆಯಲ್ಲಿ ದುಡ್ಡು ಕಂಡರೆ ಚೆಕ್ ಪಾಸ್ ಆಯ್ತು ಅನ್ನೋದು ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಅಮೆರಿಕದಲ್ಲಿ ಇದು ಉಲ್ಟಾ. ಇಲ್ಲಿ ದುಡ್ಡು ಮೊದಲು ಕಾಣುತ್ತದೆ, ಚೆಕ್ ಆಮೇಲೆ ಪಾಸ್ ಆಗುತ್ತದೆ. ಅಥವಾ ಆಗೋದಿಲ್ಲ.

ಇದು ಬ್ಯಾಂಕಿನ ಧಾರಾಳತನ ಅಲ್ಲ, ಕಾನೂನು. ಹಿಂದೆ ಇಲ್ಲಿನ ಬ್ಯಾಂಕುಗಳು ಜನರ ಚೆಕ್ ತಗೊಂಡು ದುಡ್ಡು ಬಿಡದೆ ದಿನಗಟ್ಟಲೆ ಸತಾಯಿಸುತ್ತಿದ್ದವು. 1987ರಲ್ಲಿ ಅಮೆರಿಕದ ಕಾಂಗ್ರೆಸ್ ಅದಕ್ಕೊಂದು ಕಾನೂನು ತಂದು ಗಡುವು ಹಾಕಿತು. ಈಗಿನ ಲೆಕ್ಕದಲ್ಲಿ ಸಾಮಾನ್ಯ ಚೆಕ್ಕಿನ ಮೊದಲ 275 ಡಾಲರ್ ಮರುದಿನವೇ ಬಳಸಲು ಬಿಡಬೇಕು, ಉಳಿದದ್ದು ಬಹುತೇಕ ಎರಡನೇ ಕೆಲಸದ ದಿನಕ್ಕೆ. ಹೊಸ ಖಾತೆಗೆ, ದೊಡ್ಡ ಮೊತ್ತಕ್ಕೆ ವಿನಾಯಿತಿಗಳಿವೆ. ಫೋಟೊ ಹೊಡೆದು ಹಾಕಿದ ಚೆಕ್ಕಿಗೆ ನಿಮ್ಮ ಬ್ಯಾಂಕು ಬೇರೆಯದೇ ನಿಯಮ ಇಟ್ಟಿರಬಹುದು, ಅವರನ್ನೇ ಕೇಳಿ. ಆದರೆ ತಿರುಳು ಇಷ್ಟು: ಎರಡನೇ ದಿನ ಆ್ಯಪ್‌ನಲ್ಲಿ ಕಾಣೋ ಆ ದುಡ್ಡು ಬ್ಯಾಂಕ್ ನಿಮಗೆ ಕೊಟ್ಟ ಕೈಗಡ ಇದ್ದ ಹಾಗೆ. ಚೆಕ್ ನಕಲಿ ಅಂತ ಗೊತ್ತಾಗೋಕೆ ಕೆಲವು ಸಲ ವಾರಗಳೇ ಹಿಡಿಯುತ್ತವೆ. ಗೊತ್ತಾದ ದಿನ ಬ್ಯಾಂಕ್ ಅದನ್ನು ನಿಮ್ಮ ಖಾತೆಯಿಂದಲೇ ವಾಪಸ್ ಎಳೆದುಕೊಳ್ಳುತ್ತದೆ. ನೀವು ಅಷ್ಟರಲ್ಲಿ ಖರ್ಚು ಮಾಡಿದ್ದರೆ ಅದು ನಿಮ್ಮ ಸಾಲ.

ಕ್ಯಾಷಿಯರ್ಸ್ ಚೆಕ್ (ಬ್ಯಾಂಕೇ ಬರೆದುಕೊಡುವ ಚೆಕ್, ನಮ್ಮ ಡಿಡಿ ಇದ್ದ ಹಾಗೆ) ಆದರೆ ಬೌನ್ಸ್ ಆಗಲ್ಲ ಅಲ್ವಾ ಅಂತ ಕೇಳುತ್ತೀರಿ. ಅಸಲಿ ಆದರೆ ಆಗೋದಿಲ್ಲ. ಅದನ್ನೂ ನಕಲಿ ಮಾಡುತ್ತಾರೆ, ಮನಿ ಆರ್ಡರನ್ನೂ ಮಾಡುತ್ತಾರೆ.

ತುಮಕೂರು ಕಡೆಯ ಒಬ್ಬ ಹುಡುಗನ ಕಥೆ ಹೇಳುತ್ತೇನೆ. ಗುರುತು ಸಿಗದಿರಲಿ ಅಂತ ಅಂಕಿ ಬದಲಿಸಿದ್ದೇನೆ. ಪ್ರೊಫೆಸರ್ ಹೆಸರಲ್ಲಿ ಅವನಿಗೊಂದು ಇಮೇಲ್ ಬಂತು, ಯೂನಿವರ್ಸಿಟಿ ವಿಳಾಸದಿಂದಲೇ. ಯಾರದೋ ಅಕೌಂಟ್ ಹ್ಯಾಕ್ ಮಾಡಿ ಕಳಿಸಿದ್ದು. ಸಹಾಯಕ ಬೇಕು, ರೂಮಿನಿಂದಲೇ ಕೆಲಸ, ವಾರಕ್ಕೆ 400 ಡಾಲರ್. 2,480 ಡಾಲರಿನ ಚೆಕ್ ಕೂಡ ಬಂತು. 400 ನಿನಗೆ, ಉಳಿದ 2,080 ಲ್ಯಾಬ್ ಸಾಮಾನು ಕೊಡುವವನಿಗೆ ಜೆಲ್ (Zelle, ನಮ್ಮ ಯುಪಿಐ ಥರ ಫೋನಿನಲ್ಲೇ ದುಡ್ಡು ಕಳಿಸೋದು) ಮಾಡು ಅಂದರು. ಈ ಹುಡುಗ ದಡ್ಡನಲ್ಲ. ಚೆಕ್ ಹಾಕಿ ಕಾದ. ಗಳಿಗೆಗೊಂದು ಸಲ ಆ್ಯಪ್ ನೋಡಿದ. ದುಡ್ಡು ಕಂಡ ಮೇಲೆಯೇ ಕಳಿಸಿದ. ಹುಷಾರಾಗಿಯೇ ಇದ್ದ, ಆದರೆ ಊರಿನ ಹುಷಾರು. ಮುಂದಿನ ವಾರ ಚೆಕ್ ವಾಪಸ್ ಬಂತು. ಖಾತೆಯಲ್ಲಿ ಅವನದ್ದು ಅಂತ ಇದ್ದದ್ದು 600 ಡಾಲರ್. ಅದೂ ಹೋಗಿ ಮೈನಸ್ 1,480.

ಅವರಮ್ಮ ವಿಡಿಯೋ ಕಾಲ್‌ನಲ್ಲಿ ನನ್ನನ್ನೇ ಕೇಳಿದರು. (ಮಗನೇ ಫೋನ್ ಕೊಟ್ಟಿದ್ದಕ್ಕೆ ಮಾತಾಡಿದೆ, ಇಲ್ಲದಿದ್ದರೆ ಗ್ರಾಹಕರ ವಿಷಯ ತಾಯಿಗೂ ಹೇಳುವ ಹಾಗಿಲ್ಲ.) "ದುಡ್ಡು ಬಂದಿದೆ ಅಂತ ತೋರಿಸಿದ್ದು ನೀವೇ ಅಲ್ವಾ ಮೇಡಂ?" ನ್ಯಾಯವಾದ ಪ್ರಶ್ನೆ. ಉತ್ತರ ಹೇಳೋಕೆ ಅರ್ಧ ಗಂಟೆ ಹಿಡಿಯಿತು, ಅವರಿಗೆ ಸಮಾಧಾನ ಆಗಲಿಲ್ಲ.

ಜೆಲ್ ಮಾಡಿದ್ದು ಯಾಕೆ ವಾಪಸ್ ಬರೋದಿಲ್ಲ ಅಂದರೆ, ಅದನ್ನು ಕಳಿಸಿದ್ದು ನೀವೇ. ಬೇರೆಯವರು ನಿಮ್ಮ ಖಾತೆಗೆ ನುಗ್ಗಿ ಕದ್ದಿದ್ದರೆ ಕಾನೂನಿನ ರಕ್ಷಣೆ ಇದೆ. ನೀವೇ ನಂಬಿ ಕಳಿಸಿದ್ದಕ್ಕೆ ಸಾಮಾನ್ಯವಾಗಿ ಇಲ್ಲ. ಮೈನಸ್ ತೀರಿಸದೆ ಬಿಟ್ಟರೆ ಖಾತೆ ಮುಚ್ಚಿ, ಚೆಕ್ಸ್‌ಸಿಸ್ಟಮ್ಸ್ ಅನ್ನೋ ಕಡೆ, ಅಂದರೆ ಬ್ಯಾಂಕುಗಳು ಗ್ರಾಹಕರ ಹಳೇ ಖಾತೆಗಳ ದಾಖಲೆ ನೋಡೋ ಸಂಸ್ಥೆಗೆ, ನಿಮ್ಮ ಹೆಸರು ಹೋಗುತ್ತದೆ. ಅಲ್ಲಿ 5 ವರ್ಷ ಇರುತ್ತದೆ. ಬೇರೆ ಬ್ಯಾಂಕಿಗೆ ಹೋದರೂ ಅವರು ಅದನ್ನೇ ನೋಡುತ್ತಾರೆ.

ಇದರದ್ದೇ ಇನ್ನೊಂದು ರೂಪ ಫೀಸಿನದ್ದು. ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಯಾರೋ "ಸೀನಿಯರ್" ಬಂದು, ನಿನ್ನ ಫೀಸು ನಾನು ಕಟ್ಟುತ್ತೇನೆ, ನೀನು ನನಗೆ 10 ಪರ್ಸೆಂಟ್ ಕಮ್ಮಿ ಕೊಡು ಅನ್ನುತ್ತಾನೆ. ಕದ್ದ ಕಾರ್ಡಿನಿಂದ ಕಟ್ಟುತ್ತಾನೆ. ಪೋರ್ಟಲ್‌ನಲ್ಲಿ ಬಾಕಿ ಸೊನ್ನೆ ಅಂತ ಕಾಣುತ್ತದೆ, ನೀವು ಖುಷಿಯಾಗಿ ಅವನಿಗೆ ದುಡ್ಡು ಕಳಿಸುತ್ತೀರಿ. ಕಾರ್ಡಿನ ಅಸಲಿ ಮಾಲೀಕ ದೂರು ಕೊಟ್ಟ ಮೇಲೆ ಆ ಪಾವತಿ ರದ್ದಾಗುತ್ತದೆ, ಫೀಸು ಮತ್ತೆ ನಿಮ್ಮ ತಲೆ ಮೇಲೆ. ಸುಮ್ನೆ 10 ಪರ್ಸೆಂಟ್ ಯಾರು ಬಿಡುತ್ತಾರೆ ಹೇಳಿ.

ಕೌಂಟರಿಗೆ ಬಂದು ಕೇಳಿದರೂ ಒಂದು ತೊಡಕಿದೆ. "ಚೆಕ್ ಕ್ಲಿಯರ್ ಆಯ್ತಾ" ಅಂದರೆ ಅಲ್ಲಿರೋ ಹೊಸ ಹುಡುಗಿ ಪರದೆ ನೋಡಿ, ದುಡ್ಡು ಬಳಸಬಹುದು ಅನ್ನುತ್ತಾಳೆ. ಅವಳು ಸುಳ್ಳು ಹೇಳುತ್ತಿಲ್ಲ, ನೀವು ಕೇಳಿದ್ದು ಅದಲ್ಲ ಅಷ್ಟೇ. ಚೆಕ್ ಅಸಲಿಯಾ ಅಂತ ತಿಳಿಯೋಕೆ, ಅದು ಯಾವ ಬ್ಯಾಂಕಿನದೋ ಆ ಬ್ಯಾಂಕಿನ ನಂಬರ್ ನೀವೇ ಹುಡುಕಿ ಫೋನ್ ಮಾಡಿ. ಚೆಕ್ ಮೇಲೆ ಅಚ್ಚಾಗಿರೋ ನಂಬರ್ ಬೇಡ, ಅದೂ ಕಳ್ಳನದ್ದೇ ಇರಬಹುದು. ಇನ್ನು ಕೆಲಸದ ವಿಷಯ. ನಿಜವಾದ ಕ್ಯಾಂಪಸ್ ಕೆಲಸದಲ್ಲಿ ಮೊದಲು ಕಾಗದಪತ್ರ, ಸೋಶಿಯಲ್ ಸೆಕ್ಯುರಿಟಿ ನಂಬರ್ (ಸಂಬಳಕ್ಕೆ, ತೆರಿಗೆಗೆ ಇಲ್ಲಿನ ಸರ್ಕಾರ ಕೊಡೋ ಸಂಖ್ಯೆ), ಕೆಲಸ ಮಾಡಿದ ಮೇಲೆ ಸಂಬಳ. ಮುಂಗಡ ಕೊಟ್ಟು ಅದರಲ್ಲಿ ಅರ್ಧ ಇನ್ನೊಬ್ಬರಿಗೆ ಕಳಿಸು ಅನ್ನೋ ಕೆಲಸ ಯಾವ ಯೂನಿವರ್ಸಿಟಿಯಲ್ಲೂ ಇಲ್ಲ.

ನನಗೆ ಜಾಸ್ತಿ ಬೇಜಾರು ಬೇರೆ ವಿಷಯಕ್ಕೆ. ಮೋಸ ಹೋದವರು ಹೇಳೋದೇ ಇಲ್ಲ. ವೀಸಾ ಹೋಗುತ್ತೆ ಅಂತ ಹೆದರಿ, ಗೆಳೆಯರ ಹತ್ತಿರ ಸಾಲ ಮಾಡಿ, ಊಟ ಬಿಟ್ಟು ಮೈನಸ್ ತುಂಬುತ್ತಾರೆ. ನಾನು ವಕೀಲಳಲ್ಲ, ವೀಸಾ ವಿಷಯ ನಿಮ್ಮ ಇಂಟರ್‌ನ್ಯಾಷನಲ್ ಸ್ಟೂಡೆಂಟ್ ಆಫೀಸಿನವರನ್ನೇ ಕೇಳಿ. ಆದರೆ ಮೋಸ ಹೋದೆ ಅಂತ ದೂರು ಕೊಟ್ಟಿದ್ದಕ್ಕೆ ಯಾರದ್ದಾದರೂ ವೀಸಾ ಹೋಗಿದ್ದು ನಾನಂತೂ ಕಂಡಿಲ್ಲ. ಬೇಗ ಬಂದರೆ ಬ್ಯಾಂಕಿನಲ್ಲಿ ಕಂತು ಮಾಡಿಕೊಡಲು ಮಾತಾಡಬಹುದು. ಖಾತೆ ಮುಚ್ಚಿದ ಮೇಲೆ ಬಂದರೆ ನನ್ನ ಕೈಯಲ್ಲೂ ಏನೂ ಇರೋದಿಲ್ಲ. ಬರುವಾಗ ಆ ಚೆಕ್ಕನ್ನು, ಅದು ಬಂದ ಕವರನ್ನು ಹರಿದು ಬಿಸಾಡದೆ ತನ್ನಿ. ಮೆಸೇಜುಗಳನ್ನೂ ಅಳಿಸಬೇಡಿ, ಕ್ಯಾಂಪಸ್ ಪೊಲೀಸರು ಮೊದಲು ಕೇಳೋದು ಅದನ್ನೇ.