ಪದ ಪರಿಚಯ: ಕಾಟಾಚಾರದ ಉತ್ತರ

ಪ್ರಶ್ನಾವಳಿಯ ವಾಕ್ಯವನ್ನು ಓದದೆ, ಇಲ್ಲವೇ ಅರ್ಧಂಬರ್ಧ ಓದಿ, ಕೈಗೆ ಬಂದ ಅಂಕಿಗೆ ಗುರುತು ಹಾಕುವುದನ್ನು ಸಂಶೋಧಕರು ‘ಕೇರ್‌ಲೆಸ್ ರೆಸ್ಪಾಂಡಿಂಗ್’ ಎನ್ನುತ್ತಾರೆ. ಕನ್ನಡದಲ್ಲಿ ಕಾಟಾಚಾರದ ಉತ್ತರ ಎಂದರೆ ಸರಿಹೋಗುತ್ತದೆ. ಸುಳ್ಳು ಉತ್ತರ ಬೇರೆ. ಸುಳ್ಳು ಹೇಳುವವರು ಪ್ರಶ್ನೆಯನ್ನಾದರೂ ಓದಿರುತ್ತಾರೆ.

ಸ್ವಸಾಮರ್ಥ್ಯ ನಂಬಿಕೆಯ (ಸೆಲ್ಫ್ ಎಫಿಕಸಿ) ಅಧ್ಯಯನಕ್ಕೆ ಇದರ ಪೆಟ್ಟು ಜೋರು. ‘ಈ ಕೆಲಸ ನನ್ನಿಂದಾಗುತ್ತದೆ’ ಎಂಬ ಈ ನಂಬಿಕೆಯ ಸಿದ್ಧಾಂತವನ್ನು ಆಲ್ಬರ್ಟ್ ಬಂಡೂರ 1977ರಲ್ಲಿ ಮಂಡಿಸಿದರು. ಅದು ಮನಸ್ಸಿನೊಳಗಿನ ಸಂಗತಿಯಾದ್ದರಿಂದ ವಿದ್ಯಾರ್ಥಿಯನ್ನೇ ಕೇಳಬೇಕು.

ಕಾಟಾಚಾರದ ಉತ್ತರಗಳು ಎರಡು ಗುಣಗಳ ನಡುವೆ ಇದ್ದ ಸಂಬಂಧವನ್ನು ಮಸುಕಾಗಿಸುತ್ತವೆ, ಅಷ್ಟೇ ಎಂದು ಹಲವರು ನಂಬಿದ್ದಾರೆ. ಅವು ಇಲ್ಲದ ಸಂಬಂಧವನ್ನೂ ಹುಟ್ಟಿಸುತ್ತವೆ. 200 ವಿದ್ಯಾರ್ಥಿಗಳು, 1ರಿಂದ 5ರ ಅಳತೆ (1 ಎಂದರೆ ಒಪ್ಪುವುದೇ ಇಲ್ಲ, 5 ಎಂದರೆ ಪೂರ್ತಿ ಒಪ್ಪುತ್ತೇನೆ), ಸ್ವಸಾಮರ್ಥ್ಯಕ್ಕೆ 8 ವಾಕ್ಯ, ಓದು ಬಿಡುವ ಯೋಚನೆಗೆ 8 ವಾಕ್ಯ ಎಂದಿಟ್ಟುಕೊಳ್ಳಿ. ಗಮನವಿಟ್ಟು ಉತ್ತರಿಸಿದ 180 ಮಂದಿಯ ಸರಾಸರಿ ಮೊದಲನೆಯದರಲ್ಲಿ 4.2, ಎರಡನೆಯದರಲ್ಲಿ 1.6, ಪ್ರಮಾಣ ವಿಚಲನೆ (ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) ಎರಡರಲ್ಲೂ 0.5, ಸಹಸಂಬಂಧ (ಎರಡೂ ಒಟ್ಟಿಗೆ ಏರಿಳಿಯುವ ಅಳತೆ; ಒಂದು ಏರಿದಾಗ ಇನ್ನೊಂದು ಇಳಿದರೆ ಋಣ) ಸೊನ್ನೆ. ಮಿಕ್ಕ 20 ಮಂದಿ ಮನಬಂದಂತೆ ಗುರುತು ಹಾಕಿದರೆ ಅವರ ಸರಾಸರಿ ಎರಡರಲ್ಲೂ 3ರ ಆಸುಪಾಸು ನಿಲ್ಲುತ್ತದೆ. ಉಳಿದವರ ಪಕ್ಕದಲ್ಲಿ ಅವರು ನಂಬಿಕೆ ಕುಂದಿದವರಂತೆಯೂ ಓದು ಬಿಡಲು ಹೊರಟವರಂತೆಯೂ ಕಾಣುತ್ತಾರೆ. ಒಟ್ಟು ಸಹಸಂಬಂಧ ಸುಮಾರು −0.38 ಆಗಿಬಿಡುತ್ತದೆ! ವರದಿಯಲ್ಲಿ ಅಚ್ಚಾಗುವ ತೀರ್ಮಾನಕ್ಕೆ ಆ 20 ಜನರ ಅವಸರ ಬಿಟ್ಟು ಬೇರೆ ಆಧಾರವಿಲ್ಲ.

ಎಲ್ಲಕ್ಕೂ 4 ಎಂದು ಒಂದೇ ಕಂಬಸಾಲಿನಲ್ಲಿ ಗುರುತು ಎಳೆಯುವವರದು ಇನ್ನೊಂದು ಬಗೆ. ವಾಕ್ಯಗಳೆಲ್ಲ ಒಂದೇ ದಿಕ್ಕಿನವಾದರೆ ಇವರಿಂದ ಕ್ರಾನ್‌ಬಾಕ್ ಆಲ್ಫಾ (ವಾಕ್ಯಗಳ ಉತ್ತರಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂಬ ಅಳತೆ) ಏರಿ, ಮಾಪನ ಗಟ್ಟಿಯಾಗಿದೆ ಎಂಬ ಭ್ರಮೆ ಮೂಡಬಹುದು. ‘ಕಷ್ಟದ ಪಾಠವನ್ನೂ ಕಲಿಯಬಲ್ಲೆ’ ಎಂಬುದಕ್ಕೂ 4, ‘ಕಷ್ಟದ ಪಾಠ ಕಂಡರೆ ಕೈಚೆಲ್ಲುತ್ತೇನೆ’ ಎಂಬುದಕ್ಕೂ 4 ಬಂದರೆ ಗುಟ್ಟು ರಟ್ಟಾಗುತ್ತದೆ. ಆದರೆ ಇಂಥವರನ್ನು ಹಾಗೇ ಬಿಟ್ಟರೆ, ‘ಕೈಚೆಲ್ಲುತ್ತೇನೆ’ ಎಂಬಂಥ ತಿರುವು ವಾಕ್ಯಗಳು ಬೇರೆಯೇ ಗುಣವನ್ನು ಅಳೆಯುತ್ತಿವೆ ಎಂಬಂತೆ ಅಂಶ ವಿಶ್ಲೇಷಣೆಯಲ್ಲಿ (ಯಾವ ವಾಕ್ಯಗಳು ಒಂದೇ ಗುಣದ ಗುಂಪಿಗೆ ಸೇರುತ್ತವೆ ಎಂದು ನೋಡುವ ಲೆಕ್ಕದಲ್ಲಿ) ಎರಡನೇ ಅಂಶ ತಲೆಯೆತ್ತುತ್ತದೆ.

ಪತ್ತೆಗೆ ‘ಇಲ್ಲಿ 2 ಆಯ್ಕೆಮಾಡಿ’ ಎಂಬಂಥ ಪರೀಕ್ಷಾ ವಾಕ್ಯ, ಒಂದು ವಾಕ್ಯಕ್ಕೆ ಸರಾಸರಿ 2 ಸೆಕೆಂಡಿಗಿಂತ ಕಡಿಮೆ ಸಮಯ, ಸತತ ಒಂದೇ ಉತ್ತರದ ಉದ್ದ, ಮಹಲನೋಬಿಸ್ ದೂರ (ಒಬ್ಬರ ಉತ್ತರಗಳ ಮಾದರಿ ಉಳಿದವರದಕ್ಕಿಂತ ಎಷ್ಟು ಭಿನ್ನ ಎಂಬ ಅಳತೆ) ನೆರವಾಗುತ್ತವೆ. ಯಾವುದೋ ಒಂದನ್ನೇ ನೆಚ್ಚಿ ಯಾರನ್ನೂ ಕೈಬಿಡಬಾರದು. ನಿಜವಾಗಿಯೂ ಆತ್ಮವಿಶ್ವಾಸವುಳ್ಳ ಹುಡುಗಿ 8 ವಾಕ್ಯಕ್ಕೂ 5 ಕೊಟ್ಟಿರಬಹುದು. ಅವಳನ್ನು ತೆಗೆದರೆ ಅಳೆಯಹೊರಟ ಗುಣವನ್ನೇ ಕತ್ತರಿಸಿದಂತೆ. ಕೈಬಿಡುವ ನಿಯಮವನ್ನು ದತ್ತಾಂಶ ನೋಡುವ ಮೊದಲೇ ಬರೆದಿಟ್ಟು, ತೆಗೆಯದೆ ಬಂದ ಫಲಿತಾಂಶ, ತೆಗೆದ ಮೇಲಿನದು ಎರಡನ್ನೂ ವರದಿಯಲ್ಲಿ ಕೊಡಬೇಕು.